ಕತ್ತಿಗಿಂತ ಮೊದಲು ಮಾತು ಎಣಿಸು

ಚಿ. ಅನಘಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಅನಿಮೇಷನ್ ಚಿತ್ರದ ಸ್ಕ್ರಿಪ್ಟು, ದೃಶ್ಯಗಳನ್ನು ಸಾಲಾಗಿ ಬಿಡಿಸಿದ ಸ್ಟೋರಿಬೋರ್ಡು ಎರಡನ್ನೂ ನೋಡಿದೆ. ಹುಡುಗಿಯ ಕೈಗೆ ಕತ್ತಿ ಕೊಟ್ಟಿದ್ದೀಯ, ಸರಿ. ಆದರೆ ಹನ್ನೆರಡು ನಿಮಿಷದಲ್ಲಿ ಅವಳು ಬಾಯಿ ಬಿಡುವುದೆಷ್ಟು?

ಪ್ರಿಂಟ್ ತೆಗೆದು ಹೆಣ್ಣುಪಾತ್ರಗಳ ಮಾತಿಗೆ ಒಂದು ಬಣ್ಣ, ಗಂಡುಪಾತ್ರಗಳದ್ದಕ್ಕೆ ಇನ್ನೊಂದು ಬಣ್ಣ ಬಳಿ. ಡೈಲಾಗಲ್ಲ, ಪದ ಎಣಿಸು, 'ಓಡು!' ಎನ್ನುವುದೂ ಒಂದು ಡೈಲಾಗು, ಅರ್ಧ ಪುಟದ ಉಪದೇಶವೂ ಒಂದೇ. ಗಂಡುವೇಷದಲ್ಲಿ ಯುದ್ಧಕ್ಕೆ ಹೋದ ಹುಡುಗಿಯ ಕಥೆಯಾದ ಡಿಸ್ನಿಯ 1998ರ 'ಮುಲಾನ್' ಚಿತ್ರದ ಮಾತುಗಳನ್ನು ಕಾರ್ಮೆನ್ ಫಾಟ್, ಕ್ಯಾರೆನ್ ಐಸೆನ್‌ಹಾವರ್ ಎಂಬ ಭಾಷಾವಿಜ್ಞಾನಿಗಳು ಎಣಿಸಿದಾಗ ಶೇ. 77ರಷ್ಟು ಗಂಡುಪಾತ್ರಗಳ ಪಾಲಾಗಿತ್ತು. ಚೀನಾ ಉಳಿಸಿದವಳಿಗಿಂತ ಅವಳ ಬೆನ್ನಿಗಿದ್ದ ಪುಟ್ಟ ಡ್ರ್ಯಾಗನ್ನಿಗೇ ಮಾತು ಜಾಸ್ತಿ! ಇದು ಹೆಚ್ಚಾಗಿ ಕೈಯ ಅಭ್ಯಾಸ. ನಗಿಸುವ ಜೊತೆಗಾರ, ಗುರು, ಕಾವಲುಗಾರ ಎಂದೊಡನೆ ಪೆನ್ನು ತಾನಾಗಿ ಗಂಡಸನ್ನೇ ಬರೆಯುತ್ತದೆ. ನಿನ್ನದರಲ್ಲೂ ದೋಣಿಯವ, ಸುಂಕದವ, ಗುರು ಮೂವರೂ ಗಂಡಸರೇ. ಇಬ್ಬರನ್ನು ಬದಲಿಸು. ಮಾತು ತಿದ್ದಬೇಡ, ಹೆಸರು ಬದಲಿಸು, 'ಬಂದ' ಇದ್ದಲ್ಲಿ 'ಬಂದಳು' ಮಾಡು, ಅಷ್ಟೇ.

ಇನ್ನು ಬಲ. 2012ರ ಅನಿಮೇಷನ್ ಚಿತ್ರ 'ಬ್ರೇವ್'ನ ಬಿಲ್ಲುಗಾರಿಕೆಯ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡು. ರಾಜಕುಮಾರಿ ಮೆರಿಡಾ ಬಿಲ್ಲೆಳೆಯಲು ಹೋಗುತ್ತಾಳೆ, ಬಿಗಿ ಗೌನು ಬಿಡುವುದಿಲ್ಲ. ಮೈ ಹಿಗ್ಗಿಸಿದಾಗ ಹೊಲಿಗೆ ಪಟಪಟ ಬಿಚ್ಚುತ್ತದೆ, ಬಾಣ ಆಮೇಲೆ. ಹೆಣ್ಣಿನ ಹಕ್ಕಿನ ಬಗ್ಗೆ ಭಾಷಣವೇ ಬೇಕಾಗಿಲ್ಲ. ಅದೇ ಹುಡುಗಿ ಮುಂದೆ ಓಡುವ ಕುದುರೆಯ ಮೇಲೆ ಕೂತು, ತಾನೇ ಸೀಳಿದ ಬಟ್ಟೆಯ ಚಿತ್ರಪಟಕ್ಕೆ ಸೂಜಿದಾರ ಹಾಕುತ್ತಾಳೆ. ಬಿಲ್ಲು ಮೇಲು, ಸೂಜಿ ಕೀಳು ಎಂಬ ಲೆಕ್ಕ ಅಲ್ಲಿಲ್ಲ. ನೀನೋ, ಒಲೆ ಮುಂದಿನ ತಾಯಿಯನ್ನು ಪೆದ್ದಿ ಮಾಡಿ ಮಗಳನ್ನು ಎತ್ತಿ ತೋರಿಸಲು ಹೊರಟಿದ್ದೀಯ. ಅದು ನನಗೆ ಒಪ್ಪಿಗೆಯಿಲ್ಲ.

2013ರಲ್ಲಿ ಇದೇ ಮೆರಿಡಾಳನ್ನು ಡಿಸ್ನಿ ತನ್ನ ರಾಜಕುಮಾರಿಯರ ಸಾಲಿಗೆ ಸೇರಿಸಲು ಅವಳ ಚಿತ್ರ ಮತ್ತೆ ಬಿಡಿಸಿದಾಗ ಸೊಂಟ ಸಣ್ಣಗಾಯಿತು, ಬಿಲ್ಲು ಮಾಯವಾಯಿತು. ಪಾತ್ರ ಸೃಷ್ಟಿಸಿದ ನಿರ್ದೇಶಕಿ ಬ್ರೆಂಡಾ ಚಾಪ್‌ಮನ್ ಬಹಿರಂಗವಾಗಿ ಸಿಡಿದರು. 2 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಹಾಗಾಗಿ ನಿನ್ನ ಪಾತ್ರಗಳಿಗೆಲ್ಲ ಕಪ್ಪು ತುಂಬಿ, ಬರೀ ನೆರಳಾಗಿಸಿ ಸಾಲಾಗಿ ನಿಲ್ಲಿಸು. ಗಂಡಸರು ಗುಂಡಗೆ, ಉದ್ದಕ್ಕೆ, ಚೌಕಾಕಾರಕ್ಕೆ ಬಗೆಬಗೆಯಾಗಿದ್ದು ಹೆಂಗಸರೆಲ್ಲ ಡಮರುವಾಗಿದ್ದರೆ ಮತ್ತೆ ಬಿಡಿಸು. ನೋಟಕ್ಕಷ್ಟೇ ಅಲ್ಲ. ಕತ್ತಿ ಬೀಸುವಾಗ ಭಾರ ಪಾದದಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಹತ್ತಬೇಕು. ಕಡ್ಡಿಯಂಥ ಸೊಂಟದಲ್ಲಿ ಆ ತಿರುವು ಕಾಣದೆ ಕತ್ತಿ ರಟ್ಟಿನದ್ದೆನಿಸುತ್ತದೆ.

ಕ್ಲೈಮ್ಯಾಕ್ಸಿನಲ್ಲಿ ಹಗ್ಗ ಕೊಯ್ಯುವವನು ಅವಳ ಅಣ್ಣ, ಅಲ್ಲವೇ? ಅವಳೇ ಕೊಯ್ಯಲಿ. ಮೊದಲ ಸಲ ಆಗದಿರಲಿ. ಬಂಡೆಗೆ ಹೊಡೆದು ಕತ್ತಿಯ ಬಾಯಿ ಮೊಂಡಾದದ್ದನ್ನು ಎರಡು ನಿಮಿಷ ಮುಂಚೆಯೇ ಒಂದು ಶಾಟಿನಲ್ಲಿ ತೋರಿಸಿಡು. ಸೋತದ್ದಕ್ಕೆ ಕಾರಣ ಅವಳದೇ ಆತುರವಾಗಲಿ, ಹೆಣ್ಣಾಗಿದ್ದಲ್ಲ.

ತಿದ್ದಿದ ಬೋರ್ಡು ಕಳಿಸುವಾಗ ಪದಗಳ ಲೆಕ್ಕವನ್ನು ಮೊದಲ ಹಾಳೆಯ ಮೇಲೇ ಬರೆದಿರು.

ಇಂತಿ,
ನಿನ್ನ ಅತ್ತೆ