ಹೆಜ್ಜೆಯ ಲೆಕ್ಕ ಬಿಡಿ, ವೇಗ ನೋಡಿ

ಮಾನ್ಯರೇ,

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬಂದಾಗ, ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಬೆಳಗಿನಿಂದಲೇ ಸಾಲು ನಿಂತರು. ಆ ಭಯಕ್ಕೆ ವಾಕಿಂಗ್ ಶುರು ಮಾಡಿದವರೂ ಇದ್ದಾರೆ. ಆದರೆ ಹೆದರಿ ಹೊರಟ ನಡಿಗೆ ಮೊದಲ ದಿನವೇ ಐದು ಕಿಲೊಮೀಟರ್ ಓಡುತ್ತದೆ, ನಾಲ್ಕನೇ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಹದಿನೈದನೇ ದಿನಕ್ಕೆ ಶೂ ಮಂಚದ ಕೆಳಗೆ ಸೇರುತ್ತದೆ. ನಡಿಗೆ ಉಳಿಯಬೇಕಾದರೆ ಏನು ಮಾಡಬೇಕೆಂಬುದನ್ನು ಪತ್ರಿಕೆಯ ಓದುಗರ ಗಮನಕ್ಕೆ ತರಬೇಕೆನಿಸಿ ಈ ಪತ್ರ.

ಮೊದಲು ಆ ಹತ್ತು ಸಾವಿರದ ವಿಷಯ. ದಿನಕ್ಕೆ 10,000 ಹೆಜ್ಜೆ ಎಂಬುದು ದೊಡ್ಡ ಅಧ್ಯಯನ ಮಾಡಿ ಗೊತ್ತು ಮಾಡಿದ ಪ್ರಮಾಣವಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಮಾನ್‌ಪೊ–ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟು ಮಾರಿತು. ಹೆಸರೇ ಗುರಿಯಾಗಿ ಉಳಿಯಿತು. 2019ರಲ್ಲಿ ಅಮೆರಿಕದ ಹಿರಿಯ ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲೇ ಸಾವು ಗಮನಾರ್ಹವಾಗಿ ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹತ್ತು ಸಾವಿರ ಮುಟ್ಟಲಾಗದೆ ಬೇಸತ್ತು ನಿಲ್ಲಿಸಿದವರು ಇದನ್ನು ತಿಳಿಯಬೇಕು.

ಎಣಿಸಬೇಕಾದ್ದು ವೇಗ. ಗಡಿಯಾರ ನೋಡಿಕೊಂಡು 15 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಹಾಕಿದಿರಿ ಎಣಿಸಿ. 25 ಬಂದರೆ ನಿಮಿಷಕ್ಕೆ 100. ಬಹುಪಾಲು ವಯಸ್ಕರಿಗೆ ಬಿರುಸು ನಡಿಗೆ ಎನ್ನುವುದು ಇಲ್ಲಿಂದ ಶುರು. 18–20 ಬಂದರೆ ಅದು ಅಡ್ಡಾಟ. ಪಾರ್ಕಿನಲ್ಲಿ ನಾಲ್ಕು ಜನ ಅಡ್ಡಲಾಗಿ, ಕ್ರಿಕೆಟ್ಟು–ರಾಜಕೀಯ ಮಾತಾಡುತ್ತ ಸಾಗುವ ನಡಿಗೆ ಮನಸ್ಸಿಗೆ ಒಳ್ಳೆಯದು, ಹೃದಯಕ್ಕೆ ಅಷ್ಟು ಸಾಲದು. ಎಣಿಕೆ ಬೇಡವೆಂದರೆ ಇನ್ನೊಂದು ಅಳತೆ: ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಹೋದರೆ ಉಸಿರು ಸಾಲಬಾರದು. ಬಿ.ಪಿ.ಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿಬಡಿತ ಏರುವುದೇ ಕಡಿಮೆ. ವಾಚಿನಲ್ಲಿ ತೋರುವ ಸಂಖ್ಯೆಯ ಬದಲು ಅವರು ಈ ಮಾತಿನ ಅಳತೆಯನ್ನೇ ನಂಬಬೇಕು. ಸೀರೆ ಉಟ್ಟವರ, ಕುಳ್ಳಗಿರುವವರ ಹೆಜ್ಜೆ ಗಿಡ್ಡ. ದೂರ ಕಡಿಮೆಯಾಯಿತೆಂದು ಚಿಂತಿಸಬೇಕಿಲ್ಲ, ನಿಮಿಷಕ್ಕೆ 100 ಬಂದರೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಆದರೆ ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಸಾಕು, ಅದೂ ಸಮತಟ್ಟಾದ ದಾರಿಯಲ್ಲಿ. ವಾರಕ್ಕೆ ಐದೈದು ನಿಮಿಷ ಏರಿಸಿದರೆ ಐದನೇ ವಾರ 30 ನಿಮಿಷ ತಾನಾಗಿ ಬರುತ್ತದೆ. ಒಮ್ಮೆಗೇ 30 ಆಗದಿದ್ದರೆ ಹತ್ತರಂತೆ ಮೂರು ಸಲ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಮೊದಲ ಮೂರು ನಿಮಿಷ, ಕೊನೆಯ ಮೂರು ನಿಮಿಷ ನಿಧಾನ. ಬಿರುಸಾಗಿ ನಡೆದು ಗಕ್ಕನೆ ನಿಂತರೆ ಕಾಲಿನಲ್ಲಿ ಹಿಗ್ಗಿದ ರಕ್ತನಾಳಗಳಲ್ಲೇ ರಕ್ತ ಉಳಿದು ತಲೆ ಸುತ್ತುತ್ತದೆ, ಬಿ.ಪಿ. ಮಾತ್ರೆ ನುಂಗುವವರಿಗೆ ಇನ್ನೂ ಹೆಚ್ಚು.

ನಡೆದ ಮೇಲೆ ರಕ್ತದೊತ್ತಡ ಕೆಲವು ಗಂಟೆ ಇಳಿದಿರುತ್ತದೆ, ಸಕ್ಕರೆ ಒಂದೆರಡು ದಿನ ಹತೋಟಿಗೆ ಬರುತ್ತದೆ. ಆಮೇಲೆ ಆ ಫಲ ಕರಗುತ್ತದೆ. ಭಾನುವಾರ ಒಂದೇ ದಿನ ಎರಡೂವರೆ ಗಂಟೆ ನಡೆಯುವುದಕ್ಕಿಂತ ದಿನವೂ ಸ್ವಲ್ಪ ಎನ್ನುವುದು ಈ ಕಾರಣಕ್ಕೆ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಹೆಚ್ಚುಕಡಿಮೆ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ ಎಂಟು ತಿಂಗಳು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಹಾಗಾಗಿ ಒಂದು ದಿನ ತಪ್ಪಿದರೆ ತಪ್ಪಲಿ, ಸತತ ಎರಡು ದಿನ ತಪ್ಪಿಸಬೇಡಿ. ಗೋಡೆಯ ಪಂಚಾಂಗದಲ್ಲಿ ನಡೆದ ದಿನಕ್ಕೊಂದು ಗೀಟು ಹಾಕಿ. ದಿನವೂ ಹೇಗೂ ಮಾಡುವ ಕೆಲಸವೊಂದಕ್ಕೆ ನಡಿಗೆಯನ್ನು ಗಂಟು ಹಾಕಿ: ಹಾಲು ತರುವುದು, ಮಗುವನ್ನು ಶಾಲೆ ಬಸ್ಸಿಗೆ ಹತ್ತಿಸುವುದು, ಯಾವುದಾದರೂ ಸರಿ. ‘ಬಿಡುವಾದಾಗ ಹೋಗುತ್ತೇನೆ’ ಎಂದವರಿಗೆ ಬಿಡುವು ಆಗುವುದಿಲ್ಲ.

ಹವಾಯಿ ಚಪ್ಪಲಿ ಬೇಡ. ಅದು ಜಾರದಂತೆ ಬೆರಳು ಬಿಗಿಹಿಡಿದೇ ನಡೆಯಬೇಕಾಗುತ್ತದೆ, ಅಂಗಾಲು ದಣಿಯುತ್ತದೆ. ಶೂ ಕೊಳ್ಳುವಾಗ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಶೂವನ್ನು ಮಡಿಸಿ ನೋಡಿ: ಬೆರಳು ಮಡಚುವ ಜಾಗದಲ್ಲಿ ಬಾಗಬೇಕು, ನಡುಮಧ್ಯೆ ಬಾಗಿದರೆ ಬೇಡ. ಸೀರೆಗೆ ಶೂ ಹಾಕಲು ಸಂಕೋಚವಾದರೆ ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋಯುತ್ತಿದ್ದರೆ ಸಾಮಾನ್ಯವಾಗಿ ನಡಿಗೆಯನ್ನು ಬೇಗ ಏರಿಸಿದ್ದೀರಿ, ಇಲ್ಲವೇ ಹೆಜ್ಜೆ ಉದ್ದ ಮಾಡುತ್ತಿದ್ದೀರಿ ಎಂದರ್ಥ. ವೇಗಕ್ಕೆ ಉದ್ದ ಹೆಜ್ಜೆ ಬೇಡ. ಗಿಡ್ಡ ಹೆಜ್ಜೆ ಬೇಗಬೇಗ ಬೀಳಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲೈಮೆಪಿರೈಡ್‌ನಂಥ ಮಾತ್ರೆಯಲ್ಲಿರುವವರು ಬರಿಹೊಟ್ಟೆಯಲ್ಲಿ ಹೊರಡಬಾರದು, ರಕ್ತದ ಸಕ್ಕರೆ ತೀರಾ ಇಳಿದರೆ ತಿನ್ನಲು ಜೇಬಿನಲ್ಲಿ ಮೂರು ಚಮಚದಷ್ಟು ಸಕ್ಕರೆಯ ಪೊಟ್ಟಣ ಇರಲಿ. ಹುಲ್ಲಿನ ಮೇಲೆ ಬರಿಗಾಲ ನಡಿಗೆ ಅವರಿಗಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಡಿಸೆಂಬರ್‌ನ ನಸುಕಿನ ಚಳಿಯಲ್ಲಿ ರಕ್ತನಾಳ ಬಿಗಿಯುವುದರಿಂದ ಹೃದ್ರೋಗಿಗಳು ಬಿಸಿಲು ಬಿದ್ದ ಮೇಲೆ ಹೊರಡಲಿ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಇದಕ್ಕೆ ತದ್ವಿರುದ್ಧ, ಬಿಸಿಲೇರುವ ಮೊದಲೇ ಮುಗಿಸಬೇಕು. ಮಲೆನಾಡಿನ ಮಳೆಗಾಲಕ್ಕೆ ಜಗಲಿಯೇ ಸಾಕು.

ಬಹಳ ಮುಖ್ಯವಾದದ್ದು ಇದು. ಏರು ಹತ್ತುವಾಗ ಎದೆ ಬಿಗಿದು, ನಿಂತೊಡನೆ ಎರಡು ಮೂರು ನಿಮಿಷದಲ್ಲಿ ಸಡಿಲವಾಗುವ ನೋವನ್ನು ‘ಗ್ಯಾಸ್’ ಎಂದು ಸುಮ್ಮನಾಗುವವರಿದ್ದಾರೆ. ನಡೆದರೆ ಬರುವ, ನಿಂತರೆ ಹೋಗುವ ನೋವು ಹೃದಯದ್ದೇ ಇರಬಹುದು. ನಡಿಗೆ ನಿಲ್ಲಿಸಿ ವೈದ್ಯರನ್ನು ಕಾಣಿ. ನಿಂತರೂ ಹೋಗದೆ ಬೆವರು, ದವಡೆ ಅಥವಾ ತೋಳಿಗೆ ಹರಿಯುವ ನೋವು ಇದ್ದರೆ 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ದೂರದ ದೊಡ್ಡ ಆಸ್ಪತ್ರೆಯೇ ಆಗಬೇಕೆಂದು ಮೊದಲ ಗಂಟೆ ಕಳೆದುಕೊಳ್ಳಬೇಡಿ.

ನಗರಸಭೆ, ಪುರಸಭೆಗಳಿಗೂ ಒಂದು ಮನವಿ. ಪಾರ್ಕಿನ ನಡಿಗೆ ದಾರಿಯಲ್ಲಿ ಪ್ರತಿ 100 ಮೀಟರಿಗೆ ಒಂದು ಬಿಳಿ ಗೆರೆ ಎಳೆಸಿ. ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದೂವರೆ ನಿಮಿಷ ಹಿಡಿದರೆ ವೇಗ ಸರಿಯಿದೆ ಎಂದು ಯಂತ್ರವಿಲ್ಲದೆಯೇ ಯಾರಿಗಾದರೂ ತಿಳಿಯುತ್ತದೆ. ಒಂದು ಡಬ್ಬಿ ಬಣ್ಣದ ಕೆಲಸ. ಹಾಗೆಯೇ, ಬೆಳಿಗ್ಗೆ ತಿಂಡಿ, ಡಬ್ಬಿ ಕಟ್ಟುವ ಕೆಲಸ ಮುಗಿಸುವಷ್ಟರಲ್ಲಿ ಹೆಂಗಸರಿಗೆ ಹತ್ತು ಗಂಟೆ. ಆ ಹೊತ್ತಿಗೆ ಪಾರ್ಕಿನ ಗೇಟಿಗೆ ಬೀಗ ಬೀಳಬಾರದು. ರಾತ್ರಿ ಒಂಬತ್ತರವರೆಗೆ ದೀಪ ಉರಿಯಲಿ.

–ಫಿಸಿಯೊಥೆರಪಿಸ್ಟ್, ಹಾಸನ