ಸೋಪಿನ ನೀರಿನ ವಿಷಯಕ್ಕೆ

ಪುಟ್ಟಿ,

ನಿನ್ನ ಕಾಗದದಲ್ಲಿ ಒಂದು ಸಾಲು ರಾತ್ರಿಯೆಲ್ಲ ನಿದ್ದೆ ಕೆಡಿಸಿತು. 'ಬೆಂಗಳೂರಲ್ಲಿ ನಾನು ಬಟ್ಟೆ ಒಗೆದ ನೀರೇ ನಿಮ್ಮ ಕೆರೆಗೆ ಬರುತ್ತೆ ಅಲ್ವಾ ದೊಡ್ಡಪ್ಪ? ಊರಿಗೆ ಬರೋಕೇ ನಾಚಿಕೆ' ಅಂತ ಬರೆದಿದ್ದೀಯ.

ಬರುತ್ತೆ, ಪುಟ್ಟಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ನಮ್ಮ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಸ್ವಲ್ಪ ದಿನಕ್ಕೇ ಅಲ್ಲಿ ನೊರೆ ಎದ್ದಿತ್ತು. ಎರಡನೇ ಹಂತದವರೆಗೆ ಮಾತ್ರ ಶುದ್ಧಿ ಮಾಡಿ ಬಿಡುವ ನೀರು ಅದು. ಮೂರನೇ ಹಂತವೂ ಆಗಲಿ ಅಂತ ಕೋಲಾರದವರು ಕೇಳುತ್ತಲೇ ಇದ್ದಾರೆ. ನಿನ್ನದೇನೂ ಇಲ್ಲ ಬಿಡು ಅಂತ ಸುಮ್ನೆ ಸಮಾಧಾನ ಹೇಳಲಾರೆ. ಅದರಲ್ಲಿ ನಿನ್ನದೂ ಒಂದು ಬಕೆಟ್ ಇದೆ.

ಆದರೆ ನಾಚಿಕೆಯಿಂದ ಊರಿಗೇ ಬರದೆ ಇರಬೇಡ. ನಾನು ಹಾಗೆ ಮಾಡಿ ಕೆಟ್ಟೆ.

ನಮ್ಮ ನೀಲಗಿರಿ ತೋಪಿನ ಕಥೆ ನಿನಗೆ ಗೊತ್ತು. ನೆಲದ ನೀರು ಹೀರೋ ಮರ, ಬೇಡ ಅಂತ ಅಪ್ಪ ಅಂದರೂ ಹಾಕಿದೆ. ಮೊದಲ ಕಟಾವಿನ ದುಡ್ಡಲ್ಲಿ ಕಲರ್ ಟೀವಿ ತಂದೆ. ನಿನಗೆ ಗೊತ್ತಿಲ್ಲದ್ದು ಪಕ್ಕದ ಹೊಲದವನ ಸಂಗತಿ. ಅವನದು ಹಿಪ್ಪುನೇರಳೆ ತೋಟ. ನಮ್ಮ ಬಾವಿ ಬತ್ತಿದ ಮರುವರ್ಷ ಅವನದೂ ಬತ್ತಿತು. ನಾನು 1,200 ಅಡಿ ಬೋರ್‌ವೆಲ್ ಹಾಕಿಸಿದೆ. ಅವನ ಕೈಲಿ ಆಗಲಿಲ್ಲ, ಕೂಲಿಗೆ ಬೆಂಗಳೂರಿಗೆ ಹೋದ. ಎಲ್ಲರೂ ನೀಲಗಿರಿ ಹಾಕಿದ್ದರು, ನನ್ನ ಮರಗಳಿಂದಲೇ ಬತ್ತಿತು ಅಂತ ಯಾರು ಹೇಳುತ್ತಾರೆ ಅಂದುಕೊಂಡೆ. ಹಬ್ಬಕ್ಕೆ ಅವನು ಬಂದಾಗ ಬೇರೆ ದಾರಿಯಲ್ಲಿ ತಿರುಗಿ ಹೋದೆ. ಹೋದ ವರ್ಷ ತೀರಿಕೊಂಡ. ಒಂದು ಮಾತು ಆಡಲಿಲ್ಲ ನಾನು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದಿತು. ಅವನು ಊರು ಬಿಟ್ಟು ಆಗಲೇ ಎಷ್ಟೋ ವರ್ಷ ಆಗಿತ್ತು.

ನೀನು ಆ ಸಾಲನ್ನು ಬರೆದೆಯಲ್ಲ, ನನಗೆ ಅಷ್ಟು ಧೈರ್ಯ ಇರಲಿಲ್ಲ.

ಏನು ಮಾಡಬೇಕು ಅಂತ ಕೇಳಿದ್ದೀಯ. ಏನು ಹೇಳಲಿ? ಸೋಪಿನ ಪುಡಿ ಅರ್ಧ ಹಾಕಿದರೂ ಬಟ್ಟೆ ಶುಚಿಯಾಗುತ್ತೆ, ನಿನ್ನ ದೊಡ್ಡಮ್ಮನ ಮಾತು. ಫೋನಲ್ಲಿ ಏನಾದರೂ ತರಿಸುವ ಮುಂಚೆ ಎರಡು ದಿನ ಬಿಟ್ಟು ನೋಡು. ನಿಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಎಲ್ಲಿ ಶುದ್ಧಿಯಾಗುತ್ತೆ ಅಂತ ಒಮ್ಮೆ ಹೋಗಿ ನೋಡಿ ಬಾ. ಟೀವಿಗೆ ಆಸೆಪಟ್ಟವನು ಹೇಳೋ ಮಾತಲ್ಲ ಇದು, ಆದರೂ ಬರೆದೆ.

ನೀಲಗಿರಿಯನ್ನು ಬೇರು ಸಮೇತ ಕೀಳಿಸಿ ಹೊಂಗೆ ಹಾಕಿದ್ದೇನೆ. ಕೆರೆ ತುಂಬಿದ ಮೇಲೆ ಬಾವಿಯಲ್ಲೂ ನೀರು ನಿಂತಿದೆ. ಕುಡಿಯೋಕೆ ಭಯ, ತೋಟಕ್ಕೆ ಬಿಡುತ್ತೇವೆ. ನೀನು ಹುಟ್ಟಿದ ಮೇಲೆ ಆ ಬಾವಿಯಲ್ಲಿ ನೀರು ಕಂಡದ್ದು ಇದೇ ಮೊದಲು. ಯುಗಾದಿಗೆ ಬಾ, ನೋಡುವಿಯಂತೆ.

ನಿನ್ನ ದೊಡ್ಡಪ್ಪ