ಲಕ್ಷದ್ವೀಪಕ್ಕೆ ಹೊರಟವರಿಗೆ ಬಾವಿಯ ಲೆಕ್ಕ ಗೊತ್ತಿರಲಿ

ಮಾನ್ಯರೇ,

ದೀಪಾವಳಿ ರಜೆಗೆ ಲಕ್ಷದ್ವೀಪಕ್ಕೆ ಹೊರಡುವ ತಂಡಗಳು ಈಗ ವಿಜಯಪುರ, ಬಾಗಲಕೋಟೆಗಳಲ್ಲೂ ಕಾಣುತ್ತಿವೆ. ಏಜೆಂಟರ ಕರಪತ್ರದ ತುಂಬ ನೀಲಿ ನೀರು. ಅಲ್ಲಿಯವರು ಕುಡಿಯುವ ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

36 ದ್ವೀಪಗಳನ್ನು ಕೂಡಿಸಿದರೂ ನೆಲ ಸುಮಾರು 32 ಚದರ ಕಿ.ಮೀ. ಜನ ಇರುವುದು ಹತ್ತರಲ್ಲಿ, 2011ರ ಗಣತಿಯಂತೆ 64,473 ಮಂದಿ. ಹೊಳೆಯಿಲ್ಲ, ಹಳ್ಳವಿಲ್ಲ. ಮಳೆನೀರು ಹವಳದ ಉಸುಕಿನಲ್ಲಿ ಇಂಗಿ, ಹಗುರವಾದ್ದರಿಂದ ತಳದ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಬಾವಿಗಳಿಗೆ ಅದೇ ಆಧಾರ. ಆ ಸಿಹಿನೀರಿನ ಮಟ್ಟ 1 ಇಂಚು ಇಳಿದರೆ ಕೆಳಗಿನ ಉಪ್ಪುನೀರು 40 ಇಂಚು ಮೇಲೇರುತ್ತದೆ ಎಂಬುದು ಅಂತರ್ಜಲ ಶಾಸ್ತ್ರದ ಸ್ಥೂಲ ಲೆಕ್ಕ. ನಮ್ಮಲ್ಲಿ ಅತಿಯಾಗಿ ಎತ್ತಿದರೆ ಬೋರು ಬತ್ತುತ್ತದೆ, ಅಲ್ಲಿ ಬಾವಿ ಸವುಳಾಗುತ್ತದೆ. ಕವರಟ್ಟಿ ದ್ವೀಪದಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು, ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಅದು ಊರವರ ಕೊಡಗಳಿಗೆ. ಕಡಲಲ್ಲಿ ಆಡಿ ಬಂದವರಿಗೆ ಮೈ ತೊಳೆಯಲು ಒಂದು ಬಕೆಟ್ ಸಾಕು. ಅರಿವೆ ಒಗೆಯುವುದು ಊರಿಗೆ ಮರಳಿದ ಮೇಲೆ. ಸೋಪಿನ ನೀರು ಇಂಗುವುದೂ ಅದೇ ಉಸುಕಿಗೆ.

ದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್ ಎಂದರೆ ಗೊಣಗುವವರು ಬಹಳ. ದ್ವೀಪದ ಮೂಲ ನಿವಾಸಿಗಳು ಪರಿಶಿಷ್ಟ ಪಂಗಡದವರು, ಅಷ್ಟು ಸಣ್ಣ ನೆಲಕ್ಕೆ ಬರುವವರ ತಲೆ ಎಣಿಸುವುದು ತಪ್ಪೇನಲ್ಲ. ಪರ್ಮಿಟ್‌ಗೆ ಬೇಕಾದ ಪೊಲೀಸ್ ಪ್ರಮಾಣಪತ್ರಕ್ಕೆ ಕೊನೆಯ ವಾರ ಓಡಾಡಬೇಡಿ. ಕೊಚ್ಚಿಯಿಂದ ಹಡಗಿಗೆ 14ರಿಂದ 20 ತಾಸು. ಅಲ್ಲಿಯವರಿಗೆ ಆ ಹಡಗೇ ಬಸ್ಸು, ಕೊಚ್ಚಿಯ ಆಸ್ಪತ್ರೆಗೆ ಹೋಗುವವರೂ ಅದನ್ನೇ ಹತ್ತಬೇಕು. ಹಲವು ಕಡೆ ಹಡಗು ದಡಕ್ಕೆ ಬಾರದೆ ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿಯಬೇಕು. ಅಲೆ ದೋಣಿಯನ್ನು ಎತ್ತಿದ ಗಳಿಗೆಗೆ ಸರಿಯಾಗಿ ಸಿಬ್ಬಂದಿ ರಟ್ಟೆ ಹಿಡಿದು ದಾಟಿಸುತ್ತಾರೆ. ಆಗ ಎರಡೂ ಕೈ ಖಾಲಿ ಇರಬೇಕು. ಗಾಲಿ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲವೇ ಸರಿ. ವಿಡಿಯೊ ಆಮೇಲೆ ಮಾಡಿಕೊಳ್ಳಿ.

ತರಕಾರಿ ಬಹುಪಾಲು ಹಡಗಿನಲ್ಲೇ ಬರಬೇಕು. ಪಲ್ಯ ಎರಡಿಲ್ಲ ಎಂದು ಜಗಳಕ್ಕೆ ಇಳಿಯುವ ಬದಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ. ಮೀನು ತಿನ್ನುವವರು ಗಾಳದಲ್ಲಿ ಒಂದೊಂದಾಗಿ ಹಿಡಿದ ಟ್ಯೂನಾ ಕೇಳಿ. ಹವಳದ ಮೇಲಿನ ಪಾಚಿ ಮೇಯುವ ಗಿಣಿಮೀನು ನೀರಲ್ಲೇ ಇರಲಿ. ಜನವಸತಿಯ ದ್ವೀಪಗಳಲ್ಲಿ ಪಾನನಿಷೇಧವಿದೆ, ಬಾಟಲಿ ಬಚ್ಚಿಟ್ಟು ಒಯ್ಯುವ ಜಾಣತನ ಬೇಡ.

ಮುಖ ನೀರಲ್ಲಿಟ್ಟು ಉಸಿರಾಡುವ ಕೊಳವೆ (ಸ್ನಾರ್ಕೆಲ್) ಹಾಕಿದಾಗ, ಮೂಗನ್ನೂ ಮುಚ್ಚುವ ಕನ್ನಡಕದೊಳಗೆ ನೀರು ನುಗ್ಗಿದರೆ ಗಾಬರಿಯಿಂದ ಕಾಲೂರುತ್ತೇವೆ. ಕೆಳಗಿರುವುದು ಜೀವಂತ ಹವಳ. ದುಂಡನೆಯ ಹವಳ ಬೆಳೆಯುವುದು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂ.ಮೀ. ನೀರು ನುಗ್ಗಿದಾಗ ತಲೆ ಮೇಲೆತ್ತಿ, ಕನ್ನಡಕದ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಜೋರಾಗಿ ಊದಿದರೆ ಅದು ಕೆಳಗಿನಿಂದ ಹೊರಹೋಗುತ್ತದೆ. ಉಸುಕಿನ ತಳದ, ಸೊಂಟಮಟ್ಟದ ನೀರಿನಲ್ಲಿ ಇದನ್ನು ಮೊದಲು ನಾಲ್ಕು ಸಲ ಮಾಡಿ ನೋಡಿ. ಸತ್ತ ಹವಳದ ಚೂರನ್ನೂ ತರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ.

ಈಜುಡುಗೆ ದಡಕ್ಕಷ್ಟೇ. ಓಣಿಯೊಳಗೆ ಮೈತುಂಬ ಬಟ್ಟೆ ಇರಲಿ, ಹೆಣ್ಣುಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಮಾತು ಮಲಯಾಳಂ ಬಗೆಯದು, ಮಿನಿಕಾಯ್ ದ್ವೀಪದಲ್ಲಿ ಮಾತ್ರ ಮಹಲ್ ಎಂಬ ಬೇರೆ ಭಾಷೆ. ಅಂದಹಾಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಏಜೆಂಟರಲ್ಲಿ ಒಂದು ಕೋರಿಕೆ: ಪೊಲೀಸ್ ಪತ್ರಕ್ಕೆ ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು, ಒಬ್ಬರಿಗೆ ಒಂದು ಬಕೆಟ್ ನೀರು, ಖಾಲಿ ನೀರಿನ ಬಾಟಲಿ ಕೊಚ್ಚಿಗೆ ವಾಪಸ್ ಎಂಬ ಮೂರು ಸಾಲುಗಳನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ. ನೀಲಿ ಚಿತ್ರದ ಕೆಳಗೆ ಜಾಗ ಇದೆ.

– ಪ್ರವಾಸಾಸಕ್ತ ಓದುಗರು, ವಿಜಯಪುರ